ಕೇಳದೆ ಕೇಳುವುದು

ಕನ್ನಡದ ‘ಕೇಳು’ ಎಂಬ ಒಂದೇ ಧಾತು ಎರಡು ಕೆಲಸಗಳನ್ನು ಮಾಡುತ್ತದೆ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯಿಬಿಟ್ಟು ಅನುಮತಿ ಬೇಡುವುದೂ ಕೇಳುವುದೇ. ಮಲಯಾಳದಲ್ಲಿ ಇವಕ್ಕೆ ಬೇರೆಬೇರೆ ಮಾತುಗಳಿವೆ. ಕಿವಿಯ ಕೆಲಸಕ್ಕೆ ‘ಕೇಳ್ಕುಕ’, ಬಾಯಿಯ ಕೆಲಸಕ್ಕೆ ‘ಚೋದಿಕ್ಕುಕ’. ಎರಡೂ ಭಾಷೆಗಳ ನಡುವೆ ದಿನ ಕಳೆಯುವ ನಮಗೆ ಇದು ಹೊಸ ಸಂಗತಿಯಲ್ಲ. ಆದರೆ ಕನ್ನಡದ ಈ ಒಂದು ಪದದಿಂದ ಒಂದು ನೈತಿಕ ಪ್ರಶ್ನೆ ತಾನಾಗಿ ಹೊರಡುತ್ತದೆ: ಇನ್ನೊಬ್ಬರ ಮಾತನ್ನು ಅವರನ್ನು ಕೇಳದೆ ನಾವು ಕೇಳಬಹುದೇ?

ಈ ಪ್ರಶ್ನೆಯನ್ನು ಮುನ್ನೆಲೆಗೆ ತರುವ ಒಂದು ಯಂತ್ರವಿದೆ. ಸ್ಕ್ಯಾನರ್ ಎಂದೊಡನೆ ನಮ್ಮವರಿಗೆ ಆಸ್ಪತ್ರೆಯೋ, ಕಾಗದದ ಪ್ರತಿ ತೆಗೆಯುವ ಪೆಟ್ಟಿಗೆಯೋ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಕೈಯಲ್ಲಿ ಹಿಡಿದೋ ಸೊಂಟಕ್ಕೆ ಸಿಕ್ಕಿಸಿಯೋ ಒಯ್ಯಬಹುದಾದ ರೇಡಿಯೋ ಸ್ಕ್ಯಾನರಿನ ವಿಚಾರ. ನಾವು ಮಂಗಳೂರು ಆಕಾಶವಾಣಿಯನ್ನು ಕೇಳುವ ರೇಡಿಯೋ, ಎಲ್ಲರಿಗಾಗಿ ಬಿತ್ತರವಾದುದನ್ನು ಹಿಡಿದುಕೊಡುತ್ತದೆ. ಸ್ಕ್ಯಾನರ್ ಹಿಡಿದುಕೊಡುವುದು ಒಬ್ಬರು ಇನ್ನೊಬ್ಬರಿಗಾಗಿ ಆಡಿದ ಮಾತನ್ನು. ಪೊಲೀಸರು ಠಾಣೆಯೊಡನೆ, ಅಗ್ನಿಶಾಮಕ ದಳದವರು ತಮ್ಮ ವಾಹನದೊಡನೆ, ಪೈಲಟ್ ವಿಮಾನ ನಿಲ್ದಾಣದೊಡನೆ, ಹಡಗು ಬಂದರಿನೊಡನೆ ಆಡುವ ಮಾತುಗಳು ಅದರಲ್ಲಿ ಬೀಳುತ್ತವೆ. ಯಂತ್ರವು ಒಂದೊಂದು ಕಂಪನಾಂಕವನ್ನೂ ಕ್ಷಣಮಾತ್ರ ತಡವಿ ನೋಡುತ್ತದೆ. ಅಲ್ಲಿ ದನಿಯಿಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ, ದನಿ ಸಿಕ್ಕಲ್ಲಿ ನಿಲ್ಲುತ್ತದೆ. ‘ಸ್ಕ್ವೆಲ್ಚ್’ ಎಂಬ ಒಂದು ತಿರುಪು ಬರಿಯ ಗೊರಗೊರ ಸದ್ದನ್ನು ಅಡಗಿಸಿಟ್ಟು, ಮಾತು ಬಂದಾಗ ಮಾತ್ರ ಕೇಳಿಸುವಂತೆ ಮಾಡುತ್ತದೆ. ಮುಖ್ಯವಾದ ಸಂಗತಿಯೆಂದರೆ, ಈ ಯಂತ್ರ ಏನನ್ನೂ ಹೊರಗೆ ಕಳುಹಿಸುವುದಿಲ್ಲ. ಆದುದರಿಂದ ಕೇಳುತ್ತಿರುವವನೊಬ್ಬ ಇದ್ದಾನೆಂಬ ಸುಳಿವೇ ಮಾತನಾಡುವವನಿಗೆ ಹತ್ತುವುದಿಲ್ಲ.

ಅಮೇರಿಕದಲ್ಲಿ ಇದು ಹಳೆಯ ಹವ್ಯಾಸ. ಅಲ್ಲಿನ ಕಾರ್ ಓಟದ ಪಂದ್ಯಗಳಲ್ಲಿ ಚಾಲಕನೂ ಅವನ ತಂಡದವರೂ ಆಡುವ ಮಾತನ್ನು ಕೇಳಲು ಪ್ರೇಕ್ಷಕರಿಗೆ ಸ್ಕ್ಯಾನರುಗಳು ಬಾಡಿಗೆಗೂ ಸಿಗುತ್ತವೆ. ಅಲ್ಲಿ ಯಾರಿಗೂ ಸಂಕೋಚವಿಲ್ಲ, ಏಕೆಂದರೆ ಜನ ಕೇಳುತ್ತಾರೆಂದು ಚಾಲಕನಿಗೆ ಗೊತ್ತಿದೆ. ಆದರೆ ಅದೇ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ತಂತಿ ಹಾಕಿಕೊಂಡು ಅಂಗಡಿಗೋ ಹೋಟೆಲಿಗೋ ಹೋದವನನ್ನು ಜನರು ಒಂದು ಸಲ ತಿರುಗಿ ನೋಡುವುದು ಸಹಜ. ಇವನು ಪೊಲೀಸನೇ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಿರುವವನೇ, ಬರಿಯ ಕುತೂಹಲಿಯೇ ಎಂಬ ಸಂದೇಹ ಅವರದು. ಈ ಸಂದೇಹದಲ್ಲಿ ಹುರುಳಿಲ್ಲವೆಂದು ಹೇಳಲಾಗದು.

ಕಾನೂನುಗಳನ್ನು ನೋಡಿದರೆ, ಬೇರೆಬೇರೆ ದೇಶಗಳು ಬೇರೆಬೇರೆ ಮೆಟ್ಟಿಲಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸಿರುವುದು ಕಾಣುತ್ತದೆ. ನಮ್ಮ ದೇಶವು ಮೊದಲ ಮೆಟ್ಟಿಲಲ್ಲೇ ತಡೆಯುತ್ತದೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. 1980ರ ದಶಕದ ನಡುವಿನವರೆಗೂ ಮನೆಯ ರೇಡಿಯೋವಿಗೆ ಕೂಡ ಅಂಚೆ ಕಛೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದುದು ಹಿರಿಯರಿಗೆ ನೆನಪಿರಬಹುದು. ಹಳೆಯ ಕಾಯಿದೆಗಳ ಸ್ಥಾನಕ್ಕೆಂದು ರಚಿತವಾದ 2023ರ ದೂರಸಂಪರ್ಕ ಕಾಯಿದೆಯೂ ರೇಡಿಯೋ ಉಪಕರಣವನ್ನು ಹೊಂದಿರಲು ಸರಕಾರದ ಒಪ್ಪಿಗೆ ಬೇಕೆನ್ನುತ್ತದೆ. ಬ್ರಿಟನ್ ಎರಡನೆಯ ಮೆಟ್ಟಿಲಲ್ಲಿ ತಡೆಯುತ್ತದೆ. ಅಲ್ಲಿ ಸ್ಕ್ಯಾನರ್ ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಆದರೆ 2006ರ ಕಾಯಿದೆಯಂತೆ, ತನಗಾಗಿ ಅಲ್ಲದ ಸಂದೇಶವನ್ನು ಅಧಿಕಾರವಿಲ್ಲದೆ ಕೇಳುವುದು ತಪ್ಪು. ಅಮೇರಿಕದ 1934ರ ಸಂಪರ್ಕ ಕಾಯಿದೆ ಮೂರನೆಯ ಮೆಟ್ಟಿಲಿಗೆ ಹೋಗುತ್ತದೆ. ಕಿವಿಗೆ ಬಿದ್ದುದನ್ನು ಇನ್ನೊಬ್ಬರಿಗೆ ಹೇಳುವುದು, ಅದರಿಂದ ಸ್ವಂತ ಲಾಭ ಮಾಡಿಕೊಳ್ಳುವುದು ಅದರ ಕಣ್ಣಲ್ಲಿ ಅಪರಾಧ. ಮುಂದೆ 1986ರಲ್ಲಿ ಸೆಲ್ಯುಲರ್ ಫೋನಿನ ಮಾತನ್ನು ಬೇಕೆಂದೇ ಹಿಡಿದು ಕೇಳುವುದನ್ನೂ ಆ ದೇಶ ನಿಷೇಧಿಸಿತು. ಕೆಲವು ರಾಜ್ಯಗಳಲ್ಲಿ ವಾಹನದಲ್ಲಿ ಸ್ಕ್ಯಾನರ್ ಒಯ್ಯುವುದಕ್ಕೂ ನಿರ್ಬಂಧಗಳಿವೆ.

ಇಟ್ಟುಕೊಳ್ಳುವುದು, ಕೇಳುವುದು, ಹೇಳುವುದು - ಪಾಪ ಎಲ್ಲಿಂದ ಆರಂಭವಾಗುತ್ತದೆ? ಕಾನೂನು ತನ್ನ ಅನುಕೂಲ ನೋಡಿಕೊಂಡು ಗೆರೆ ಎಳೆಯುತ್ತದೆ. ಯಂತ್ರವನ್ನು ಜಪ್ತಿ ಮಾಡುವುದು ಸುಲಭ, ಕಿವಿಯನ್ನು ಜಪ್ತಿ ಮಾಡುವುದು ಕಷ್ಟ. ನೀತಿಯ ಗೆರೆಯನ್ನಾದರೋ ನಾವೇ ಹುಡುಕಿಕೊಳ್ಳಬೇಕಾಗಿದೆ.

ಇಲ್ಲಿ ನನ್ನ ಉದ್ಯೋಗಕ್ಕೆ ಸಂಬಂಧಪಟ್ಟ ಎರಡು ಘಟನೆಗಳನ್ನು ಹೇಳಬೇಕು. 1923ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಟೂರ್ನಿಯರ್ ಎಂಬ ಗ್ರಾಹಕರ ಮೊಕದ್ದಮೆ ಬಂತು. ಅವರು ಬ್ಯಾಂಕಿಗೆ ಸ್ವಲ್ಪ ಹಣ ಬಾಕಿಯಿದ್ದರು. ಬ್ಯಾಂಕಿನ ಮೆನೇಜರ್ ಅವರ ಉದ್ಯೋಗದಾತರಿಗೆ ಫೋನ್ ಮಾಡಿ ವಿಳಾಸ ವಿಚಾರಿಸುವಾಗ, ಈತ ಸಾಲ ಉಳಿಸಿಕೊಂಡಿದ್ದಾರೆ, ಜೂಜಿನ ಪಣ ಕಟ್ಟಿಸಿಕೊಳ್ಳುವವರೊಡನೆ ವ್ಯವಹಾರವಿರುವಂತಿದೆ ಎಂಬ ಮಾತನ್ನೂ ಆಡಿಬಿಟ್ಟರು. ಗ್ರಾಹಕರ ಕೆಲಸ ಮುಂದುವರಿಯಲಿಲ್ಲ. ಖಾತೆಯ ಗುಟ್ಟನ್ನು ಕಾಪಾಡುವುದು ಬ್ಯಾಂಕಿನ ಕಾನೂನುಬದ್ಧ ಕರ್ತವ್ಯವೆಂದು ಹೇಳಿದ ನ್ಯಾಯಾಲಯ, ಅದಕ್ಕೆ ನಾಲ್ಕೇ ವಿನಾಯಿತಿಗಳನ್ನಿತ್ತಿತು: ಕಾನೂನು ಒತ್ತಾಯಿಸಿದಾಗ, ಸಾರ್ವಜನಿಕ ಕರ್ತವ್ಯ ಬೇಡಿದಾಗ, ಬ್ಯಾಂಕಿನ ಹಿತಕ್ಕೆ ಅಗತ್ಯವಾದಾಗ, ಗ್ರಾಹಕನೇ ಒಪ್ಪಿದಾಗ. ನಮ್ಮ ದೇಶದ ಬ್ಯಾಂಕುಗಳಲ್ಲೂ ಈ ತೀರ್ಪಿನ ನೆರಳಿದೆ. ಕೆಲಸಕ್ಕೆ ಸೇರುವಾಗ ನಾವು ಗೋಪ್ಯತೆಯ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕುತ್ತೇವೆ.

ಎರಡನೆಯ ಘಟನೆ ಅದೇ ಇಂಗ್ಲೆಂಡಿನದು. 1990ರ ಜನವರಿಯಲ್ಲಿ ಬ್ಯಾಂಕಿನ ನಿವೃತ್ತ ಮೆನೇಜರರೊಬ್ಬರು ಮನೆಯಲ್ಲಿ ಕುಳಿತು ಸ್ಕ್ಯಾನರ್ ತಿರುಗಿಸುತ್ತಿದ್ದಾಗ, ರಾಜಕುಮಾರಿ ಡಯಾನಾ ಗೆಳೆಯರೊಬ್ಬರೊಡನೆ ಆಡಿದ ಖಾಸಗಿ ಮಾತು ಅವರ ಯಂತ್ರಕ್ಕೆ ಸಿಕ್ಕಿತು. ಅವರು ಅದನ್ನು ಧ್ವನಿಮುದ್ರಿಸಿ ಪತ್ರಿಕೆಯೊಂದಕ್ಕೆ ಒಪ್ಪಿಸಿದರು. ಎರಡೂವರೆ ವರ್ಷಗಳ ಬಳಿಕ, 1992ರ ಆಗಸ್ಟ್‌ನಲ್ಲಿ, ಅದು ಪ್ರಕಟವಾಗಿ ಲೋಕದ ಬಾಯಿಗೆ ಬಿತ್ತು. ಆ ವ್ಯಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ. ಇನ್ನೊಬ್ಬರ ಗುಟ್ಟನ್ನು ಕಾಯುವುದೇ ಧರ್ಮವಾಗಿರುವ ಉದ್ಯೋಗದಲ್ಲಿ ಜೀವಮಾನ ಕಳೆದವರೊಬ್ಬರಿಗೆ, ಗುಟ್ಟು ಲೆಡ್ಜರಿನಿಂದ ಬಾರದೆ ಗಾಳಿಯಿಂದ ಬಂದಾಗ ಅದೇ ನಿಯಮ ನೆನಪಾಗಲಿಲ್ಲ. ಕೌಂಟರಿನ ಒಳಗಿರುವಾಗ ನಮ್ಮ ಬಾಯಿ ಕಟ್ಟಿರುತ್ತದೆ. ಹೊರಗೆ ಬಂದೊಡನೆ ಕಟ್ಟು ಬಿಚ್ಚಿಹೋಯಿತೆಂದು ನಮಗನಿಸುತ್ತದೆ. ಹಾಗಾದರೆ ನಾವು ಪಾಲಿಸುತ್ತಿದ್ದುದು ಧರ್ಮವನ್ನೋ, ಸರ್ವಿಸ್ ನಿಯಮವನ್ನೋ?

‘ಗಾಳಿ ಎಲ್ಲರದು’ ಎಂಬುದು ಸ್ಕ್ಯಾನರ್ ಪ್ರಿಯರ ಮುಖ್ಯ ವಾದ. ಈ ಅಲೆಗಳು ನನ್ನ ಮನೆಯನ್ನೂ ನನ್ನ ಮೈಯನ್ನೂ ಹಾದುಹೋಗುತ್ತಿವೆ. ನಾನು ಯಾರ ಬಾಗಿಲನ್ನೂ ಮುರಿದಿಲ್ಲ, ಯಾರ ತಂತಿಯನ್ನೂ ಕೊರೆದಿಲ್ಲ. ತಾನಾಗಿ ಬಂದುದನ್ನು ಹಿಡಿದರೆ ತಪ್ಪೇನು? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಇದಕ್ಕೆ ಸಮನಾದ ಸಂದರ್ಭ ಚೆನ್ನಾಗಿ ಗೊತ್ತು. ಒಂದು ಅಂಕಿ ತಪ್ಪಿ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗುವುದುಂಟು. ಹಣ ಪಡೆದವನು ಕಳ್ಳತನ ಮಾಡಿಲ್ಲ, ಯಾರ ಬೀಗವನ್ನೂ ಒಡೆದಿಲ್ಲ. ಹಣ ತಾನಾಗಿ ಬಂತು. ಆದರೂ ಅದು ಅವನದಲ್ಲ. ತಪ್ಪಿನಿಂದ ಹಣ ಸಂದಾಯವಾದರೆ ಪಡೆದವನು ಹಿಂದಿರುಗಿಸಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮು ಹೇಳುತ್ತದೆ. ಅದರ ಹಿಂದಿನ 71ನೆಯ ಕಲಮು ಇನ್ನೂ ಸ್ವಾರಸ್ಯಕರ. ದಾರಿಯಲ್ಲಿ ಸಿಕ್ಕ ಇನ್ನೊಬ್ಬರ ವಸ್ತುವನ್ನು ಎತ್ತಿಟ್ಟುಕೊಂಡವನಿಗೆ, ಆ ವಸ್ತುವನ್ನು ನಂಬಿಕೆಯಿಂದ ಅವನ ವಶಕ್ಕೆ ಕೊಟ್ಟಿದ್ದರೆ ಎಷ್ಟು ಹೊಣೆಯಿರುತ್ತಿತ್ತೋ ಅಷ್ಟೇ ಹೊಣೆಯಿರುತ್ತದೆ.

ಕಿವಿಗೆ ಬಿದ್ದ ಮಾತೂ ಇಂಥದೇ ಎಂದು ನನ್ನ ತಿಳಿವಳಿಕೆ. ಅದು ನಮ್ಮ ಬಳಿ ಇದೆ, ಆದರೆ ನಮ್ಮದಲ್ಲ. ಕೊಡುವವರಿಗೇ ಗೊತ್ತಿಲ್ಲದೆ ನಮ್ಮಲ್ಲಿ ಇಟ್ಟ ಇಡುಗಂಟು. ದಿನದ ಕೊನೆಯಲ್ಲಿ ಕ್ಯಾಶ್ ಎಣಿಸುವಾಗ ಲೆಕ್ಕಕ್ಕಿಂತ ಹೆಚ್ಚು ಹಣ ಉಳಿದರೆ ಕ್ಯಾಶಿಯರ್ ಅದನ್ನು ಕಿಸೆಗೆ ಹಾಕಿಕೊಳ್ಳುವುದಿಲ್ಲ. ‘ಸಂಡ್ರಿ’ ಖಾತೆಗೆ ಹಾಕಿ, ಯಾರದೆಂದು ತಿಳಿಯುವವರೆಗೆ ಕಾಯುತ್ತಾರೆ. ಮಾತಿನ ವಿಷಯದಲ್ಲಿ ಹಿಂದಿರುಗಿಸುವ ಅನುಕೂಲವಿಲ್ಲ. ಕೇಳಿದ್ದನ್ನು ಕೇಳದಂತೆ ಮಾಡಲಾಗುವುದಿಲ್ಲ. ಖರ್ಚು ಮಾಡದೆ ಇಡುವುದಷ್ಟೇ ನಮ್ಮ ಕೈಯಲ್ಲಿದೆ. ಇನ್ನು, ಅಕಸ್ಮಾತ್ತಾಗಿ ಕೇಳಿಸಿದವನಿಗೂ ಸ್ಕ್ಯಾನರ್ ಹಿಡಿದು ಪೇಟೆ ಸುತ್ತುವವನಿಗೂ ಒಂದು ವ್ಯತ್ಯಾಸವಿದೆ. ಮೊದಲನೆಯವನ ಖಾತೆಗೆ ಹಣ ತಪ್ಪಿ ಬಂತು. ಎರಡನೆಯವನು ಯಾರ ಹಣ ಎಲ್ಲಿ ತಪ್ಪಿ ಬೀಳುವುದೋ ಎಂದು ಚೀಲ ತೆರೆದುಕೊಂಡು ನಡೆಯುತ್ತಿದ್ದಾನೆ. ಅವನ ಹೊಣೆ ಹೆಚ್ಚಿನದು.

ಮಾತನ್ನು ಖರ್ಚು ಮಾಡಿದರೆ ಏನಾಗುತ್ತದೆಂಬುದಕ್ಕೆ 1996ರ ಡಿಸೆಂಬರ್ 21ರಂದು ಅಮೇರಿಕದ ಫ್ಲಾರಿಡಾದಲ್ಲಿ ನಡೆದುದು ಪ್ರಸಿದ್ಧ ಉದಾಹರಣೆ. ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಹೋಗುತ್ತಿದ್ದ ದಂಪತಿಗಳಿಗೆ, ಸಂಸತ್ತಿನ ಸ್ಪೀಕರ್ ಆಗಿದ್ದ ನ್ಯೂಟ್ ಗಿಂಗ್ರಿಚ್ ತಮ್ಮ ಪಕ್ಷದ ನಾಯಕರೊಡನೆ ಫೋನಿನಲ್ಲಿ ನಡೆಸುತ್ತಿದ್ದ ಸಮಾಲೋಚನೆ ಕೇಳಿಸಿತು. ಆ ನಾಯಕರಲ್ಲಿ ಒಬ್ಬರಾದ ಜಾನ್ ಬೇನರ್ ಫ್ಲಾರಿಡಾದಲ್ಲೇ ಕಾರಿನಿಂದ ಮಾತನಾಡುತ್ತಿದ್ದರು. ಸಂಭಾಷಣೆ ಸ್ಪೀಕರ್ ಮೇಲಿನ ನೀತಿಸಂಹಿತೆಯ ಆರೋಪಗಳ ಕುರಿತದ್ದು. ದಂಪತಿಗಳು ಅದನ್ನು ಧ್ವನಿಮುದ್ರಿಸಿ ವಿರೋಧ ಪಕ್ಷದ ಸದಸ್ಯ ಜಿಮ್ ಮೆಕ್‌ಡರ್ಮಟ್ ಅವರಿಗೆ ತಲುಪಿಸಿದರು. 1997ರ ಜನವರಿಯಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ದಂಪತಿಗಳು ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ತೆತ್ತರು. ಮೆಕ್‌ಡರ್ಮಟ್ ಅವರು 60,000 ಡಾಲರ್ ಪರಿಹಾರವನ್ನೂ ವಕೀಲರ ವೆಚ್ಚವನ್ನೂ ಕೊಡಬೇಕೆಂಬ ತೀರ್ಪು 2007ರಲ್ಲಿ ಮೇಲಿನ ನ್ಯಾಯಾಲಯದಲ್ಲೂ ಉಳಿಯಿತು. ಆದರೆ ಪತ್ರಿಕೆಗಳ ಮಾತು ಬೇರೆ. ಇದೇ ಬಗೆಯ ಇನ್ನೊಂದು ಪ್ರಕರಣದಲ್ಲಿ, ಕದ್ದಾಲಿಕೆಯಲ್ಲಿ ತಾನು ಪಾಲ್ಗೊಳ್ಳದ ಮಾಧ್ಯಮವು ಸಾರ್ವಜನಿಕ ಮಹತ್ವದ ಸಂಗತಿಯನ್ನು ಪ್ರಸಾರ ಮಾಡಿದ್ದಕ್ಕೆ ಶಿಕ್ಷೆಯಿಲ್ಲವೆಂದು ಅಮೇರಿಕದ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಹೇಳಿತು. ಟೂರ್ನಿಯರ್ ತೀರ್ಪಿನ ‘ಸಾರ್ವಜನಿಕ ಕರ್ತವ್ಯ’ ಎಂಬ ವಿನಾಯಿತಿಗೆ ಇದು ಹತ್ತಿರವಾದುದು.

ಆ ಸಂಭಾಷಣೆ ಗಾಳಿಯಲ್ಲಿ ಸಿಕ್ಕಿಬೀಳುವುದಕ್ಕೆ ಮೂರು ದಿನ ಮೊದಲು, 1996ರ ಡಿಸೆಂಬರ್ 18ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯವು ಸರಕಾರದ ದೂರವಾಣಿ ಕದ್ದಾಲಿಕೆಯ ಕುರಿತು ಮಹತ್ವದ ತೀರ್ಪು ನೀಡಿತ್ತು. ದೂರವಾಣಿಯಲ್ಲಿ ಮಾತನಾಡುವುದು ಖಾಸಗಿ ಬದುಕಿನ ಭಾಗ. ಸರಕಾರ ಮನಬಂದಂತೆ ಅದನ್ನು ಆಲಿಸುವಂತಿಲ್ಲ, ಹಿರಿಯ ಅಧಿಕಾರಿಯ ಲಿಖಿತ ಆದೇಶವೂ ಅದರ ಪರಿಶೀಲನೆಯೂ ಬೇಕು ಎಂಬುದು ಅದರ ತಿರುಳು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟುದನ್ನು ಗಡಿಯ ಈಚೆಗಿನ ನಾವೂ ಮರೆತಿಲ್ಲ. ಆಳುವವನು ಕೇಳಿದರೂ ಅಲೆಯುವವನು ಕೇಳಿದರೂ ಪ್ರಶ್ನೆ ಒಂದೇ, ಆದರೆ ತೂಕ ಒಂದೇ ಅಲ್ಲ. ಆಳುವವನ ಕೈಯಲ್ಲಿ ಕೇಳಿದ್ದನ್ನು ಶಿಕ್ಷೆಯಾಗಿ ಮಾರ್ಪಡಿಸುವ ಶಕ್ತಿಯಿದೆ.

ಕೇಳಿಸಿಕೊಂಡದ್ದು ನಿಜವೇ ಆಗಿರಬೇಕೆಂಬ ಭ್ರಮೆಯೂ ಅಪಾಯಕಾರಿ. ದಶರಥನ ಕತೆ ನಮ್ಮ ಯಕ್ಷಗಾನದ ನಾಡಿನಲ್ಲಿ ಯಾರಿಗೆ ತಿಳಿಯದು? ಸದ್ದು ಕೇಳಿ ಗುರಿಯಿಟ್ಟು ಹೊಡೆಯುವ ಶಬ್ದವೇಧಿ ವಿದ್ಯೆ ಅವನಿಗಿತ್ತು. ಕತ್ತಲಲ್ಲಿ ಕೊಡ ತುಂಬುವ ಗುಳುಗುಳು ಸದ್ದನ್ನು ಆನೆ ನೀರು ಕುಡಿಯುತ್ತಿದೆಯೆಂದು ಎಣಿಸಿ ಬಾಣ ಬಿಟ್ಟ. ಕುರುಡು ತಂದೆತಾಯಿಗಳ ಒಬ್ಬನೇ ಮಗ ಸತ್ತ. ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ಬಾಣ ಗುರಿ ತಪ್ಪಲಿಲ್ಲ. ಕೇಳಿಸಿದ್ದು ಏನೆಂದು ನೋಡುವ ತಾಳ್ಮೆ ಇರಲಿಲ್ಲ, ಅಷ್ಟೆ. 2013ರ ಏಪ್ರಿಲ್‌ನಲ್ಲಿ ಅಮೇರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬು ಸಿಡಿದ ಬಳಿಕ ಪೊಲೀಸರು ಆರೋಪಿಗಳನ್ನು ಹುಡುಕುತ್ತಿದ್ದಾಗ, ಜನರು ಪೊಲೀಸ್ ರೇಡಿಯೋವನ್ನು ಆಲಿಸಿ ಅರ್ಧಂಬರ್ಧ ಸುದ್ದಿಗಳನ್ನು ಕ್ಷಣಕ್ಷಣಕ್ಕೂ ಹರಡಿದರು. ಯಾವ ಮನೆಗಳನ್ನು ಶೋಧಿಸುತ್ತಿದ್ದೇವೆಂಬುದನ್ನು ದಯವಿಟ್ಟು ಪ್ರಸಾರ ಮಾಡಬೇಡಿ ಎಂದು ಪೊಲೀಸರೇ ಬೇಡಿಕೊಳ್ಳಬೇಕಾಯಿತು. ಆ ದಿನಗಳಲ್ಲಿ ಏನೂ ತಪ್ಪು ಮಾಡದವರ ಹೆಸರುಗಳೂ ಅಂತರಜಾಲದಲ್ಲಿ ಸಂಶಯಿತರೆಂದು ಓಡಾಡಿದವು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎನ್ನುವವರು ನಾವು. ಬರಿಯ ಕೇಳಿದ್ದಕ್ಕೆ ಎಷ್ಟು ಪರಾಂಬರಿಕೆ ಬೇಡ!

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ಅನ್ಯಾಯವಾದೀತು. ಕೇಳುವುದೇ ಧರ್ಮವಾಗುವ ಸಂದರ್ಭಗಳಿವೆ. ಸಮುದ್ರದಲ್ಲಿ 156.8 ಮೆಗಾಹರ್ಟ್ಸ್, ಅಂದರೆ 16ನೆಯ ಚಾನೆಲ್, ಅಪಾಯದ ಕರೆಗೆ ಮೀಸಲು. ಹಡಗುಗಳವರು ಅದಕ್ಕೆ ಕಿವಿ ತೆರೆದೇ ಇರಬೇಕು. ಅಲ್ಲಿ ಕೇಳದಿರುವುದೇ ತಪ್ಪು. 2024ರ ಜುಲಾಯಿ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಹವ್ಯಾಸಿ ರೇಡಿಯೋದವರು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ರಕ್ಷಣಾ ಕೆಲಸಕ್ಕೆ ಸಂಪರ್ಕ ಒದಗಿಸಿದರು. ಗಮನಿಸಿ, ಹವ್ಯಾಸಿ ರೇಡಿಯೋದವರು ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು. ಮಾತಿಗೆ ಮೊದಲು ತಮ್ಮ ಗುರುತಿನ ಕರೆಸಂಕೇತವನ್ನು ಹೇಳುವುದು ಅವರ ಕ್ರಮ. ಅಮೇರಿಕದಲ್ಲಿ ಪೊಲೀಸರ ಮಾತನ್ನು ನಾಗರಿಕರೂ ಪತ್ರಕರ್ತರೂ ಕೇಳುವುದು ಅಧಿಕಾರದ ಮೇಲಿನ ಒಂದು ಕಣ್ಗಾವಲು ಎಂಬ ವಾದಕ್ಕೂ ಬಲವಿದೆ. ನ್ಯೂಯಾರ್ಕ್ ನಗರದ ಪೊಲೀಸರು 2023ರಿಂದ ತಮ್ಮ ರೇಡಿಯೋ ಮಾತನ್ನು ಹೊರಗಿನವರಿಗೆ ಅರ್ಥವಾಗದಂತೆ ಮುಚ್ಚತೊಡಗಿದಾಗ ಪತ್ರಕರ್ತರು ಆಕ್ಷೇಪಿಸಿದ್ದು ಈ ಕಾರಣದಿಂದಲೇ.

ಕೆಳಗಿರುವವನು ಮೇಲಿರುವವನ ಮಾತಿಗೆ ಕಿವಿಗೊಡುವುದಕ್ಕೂ, ಮೇಲಿರುವವನು ಕೆಳಗಿನವನ ಮಾತನ್ನು ಹೆಕ್ಕುವುದಕ್ಕೂ ಅಂತರವಿದೆ. ಅಲ್ಪಸಂಖ್ಯಾತರಾದ ನಮಗೆ ಇದು ಅನುಭವದ ಸಂಗತಿ. 1956ರ ನವೆಂಬರ್ 1ರ ಬಳಿಕ ನಮ್ಮ ಹಿರಿಯರು ಎಷ್ಟೋ ಕಛೇರಿಗಳ ಜಗಲಿಯಲ್ಲಿ ನಿಂತು, ತಮಗೆ ಓದಲು ಬಾರದ ಭಾಷೆಯ ಕಾಗದದಲ್ಲಿ ತಮ್ಮ ಜಾಗದ ವಿಚಾರ ಏನು ಬರೆದಿದೆಯೆಂಬುದನ್ನು ಒಳಗಿನವರ ಮಾತಿನಿಂದಲೇ ಊಹಿಸಿಕೊಂಡರು. ಅದನ್ನು ಕದ್ದಾಲಿಕೆ ಎನ್ನಲು ನನ್ನ ಮನಸ್ಸು ಒಪ್ಪದು. ತನ್ನ ವಿಷಯವನ್ನೇ ತನಗೆ ಯಾರೂ ಹೇಳದಿದ್ದಾಗ ಮನುಷ್ಯ ಕಿವಿ ನಿಮಿರಿಸದೆ ಏನು ಮಾಡಿಯಾನು?

ಆದರೆ ಈಗ ನಮ್ಮ ಕೈಯಲ್ಲೂ ಒಂದು ಸ್ಕ್ಯಾನರಿದೆ. ಅದನ್ನು ಯಾರೂ ಜಪ್ತಿ ಮಾಡುವಂತಿಲ್ಲ. ಸಪ್ತಭಾಷೆಗಳ ಊರೆನಿಸಿದ ಕಾಸರಗೋಡಿನಲ್ಲಿ ಬೆಳೆದವರ ಕಿವಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಎಂದು ಒಂದೊಂದನ್ನೂ ತಡವಿ ಅರ್ಥ ಸಿಕ್ಕಲ್ಲಿ ನಿಲ್ಲುತ್ತದೆ. ತಲಪಾಡಿಯಿಂದ ಬರುವ ಬಸ್ಸಿನಲ್ಲಿ ಇಬ್ಬರು, ಪಕ್ಕದವರಿಗೆ ತಮ್ಮ ಭಾಷೆ ಬಾರದೆಂಬ ನಂಬಿಕೆಯಿಂದ, ಮಗಳ ಸಂಬಂಧ ಮುರಿದುದನ್ನೋ ಮನೆಯ ಪಾಲಿನ ಜಗಳವನ್ನೋ ಮಾತಾಡಿಕೊಳ್ಳುತ್ತಾರೆ. ಪಕ್ಕದವರಿಗೆ ಒಂದಕ್ಷರ ಬಿಡದೆ ಅರ್ಥವಾಗುತ್ತಿರುತ್ತದೆ. ನಾವೂ ಅನ್ಯಭಾಷಿಕರೆದುರು ತುಳುವಿನಲ್ಲೋ ಕನ್ನಡದಲ್ಲೋ ಹಾಗೆ ಮಾತಾಡುವವರೇ. ಬಹುಭಾಷಿಕತೆ ನಮ್ಮ ಹೆಮ್ಮೆಯೆಂದು ಸಭೆಗಳಲ್ಲಿ ಹೇಳುತ್ತೇವೆ. ಅದರ ಜೊತೆಗೆ ಒಂದು ಹೊಣೆಯೂ ಬಂದಿದೆಯೆಂದು ಹೇಳುವವರು ಕಡಿಮೆ.

ಹಿಂದೆ ನಮ್ಮ ಮನೆಗಳಲ್ಲಿ ಹಿರಿಯರು ಹೆಂಗಸರು ಕುಳಿತು ಮಾತಾಡುವಲ್ಲಿಗೆ ಬರುವ ಮೊದಲು ಜಗಲಿಯಿಂದಲೇ ಒಂದು ಸಲ ಕೆಮ್ಮುತ್ತಿದ್ದರು. ಕೆಮ್ಮು ಬಂದುದರಿಂದಲ್ಲ, ‘ನಾನಿದ್ದೇನೆ, ಮಾತನ್ನು ನೋಡಿಕೊಳ್ಳಿ’ ಎಂದು ತಿಳಿಸುವುದಕ್ಕಾಗಿ. ಸ್ಕ್ಯಾನರಿನಲ್ಲಿ ಇಲ್ಲದಿರುವುದು ಈ ಕೆಮ್ಮು. ಅದರ ದೋಷದ ಬೇರು ಇಲ್ಲಿದೆ. ಬಸ್ಸಿನಲ್ಲಿ ಕುಳಿತವನು ಪಕ್ಕದವರ ಭಾಷೆಯಲ್ಲೇ ‘ಗಂಟೆ ಎಷ್ಟಾಯಿತು?’ ಎಂದು ವಿಚಾರಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು. ಮುಂದೆ ಏನು ಮಾತಾಡಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ. ಕೇಳುವ ಮೊದಲು ಕೇಳಿಕೊಳ್ಳುವುದೆಂದರೆ ಇದೇ.

ಇಂದಿನ ಮೊಬೈಲ್ ಫೋನಿನ ಮಾತು ಗೂಢಲಿಪಿಯಲ್ಲಿ ಹೋಗುವುದರಿಂದ ಹಳೆಯ ಸ್ಕ್ಯಾನರಿಗೆ ಅದು ಸಿಗುವುದಿಲ್ಲ. ಆದರೆ ಸ್ಪೀಕರ್ ಹಾಕಿಕೊಂಡು ಇಡೀ ಬಸ್ಸಿಗೆ ಕೇಳುವಂತೆ ಸಾಲದ ಲೆಕ್ಕ, ಆಸ್ಪತ್ರೆಯ ರಿಪೋರ್ಟು ಹೇಳುವವರು ಬೇಕಾದಷ್ಟಿದ್ದಾರೆ. ಆಡುವವರೇ ಕಾಪಾಡಿಕೊಳ್ಳದ ಮಾತನ್ನು ಕೇಳುವವನೇಕೆ ಕಾಪಾಡಬೇಕು ಎಂದು ಕೇಳಬಹುದು. ನನ್ನ ಉತ್ತರ ಸರಳ. ಪಾಸ್‌ಬುಕ್ಕನ್ನು ಕೌಂಟರಿನ ಮೇಲೆ ಬಿಟ್ಟುಹೋದ ಮಾತ್ರಕ್ಕೆ ಅದರೊಳಗಿನ ಹಣ ಕಂಡವರದಾಗುವುದಿಲ್ಲ. ನಮ್ಮ ಶಾಖೆಗೆ ಕಿವಿ ಮಂದವಾದ ವೃದ್ಧರು ಪಿಂಚಣಿ ಬಂತೇ ಎಂದು ವಿಚಾರಿಸಲು ಬರುತ್ತಾರೆ. ಅವರಿಗೆ ಕೇಳಬೇಕಾದರೆ ಗಟ್ಟಿಯಾಗಿ ಹೇಳಬೇಕು; ಹೇಳಿದರೆ ಹಿಂದಿನ ಸಾಲಿನಲ್ಲಿರುವವರೆಲ್ಲರಿಗೂ ಕೇಳುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಚೀಟಿಯಲ್ಲಿ ಅಂಕಿ ಬರೆದು ಗಾಜಿನ ಕೆಳಗಿಂದ ಮೆಲ್ಲನೆ ತಳ್ಳುತ್ತಾರೆ. ಅಜ್ಜ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮಡಚಿ, ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಆಗ ಸಾಲಿನಲ್ಲಿ ಎರಡನೆಯವರಾಗಿ ನಿಂತವರು ತಾವಾಗಿ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಯ ಕ್ಯಾಲೆಂಡರಿನತ್ತ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗೆ ಮಾಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.